ಲಾರಿ ಕುಡಿದ ನೀರು

ಡ್ರೈವರನ ಮಗನಿಗೆ ಲಾರಿ ಹತ್ತಿದರೆ ವಾಂತಿ ಬರುತ್ತದೆ ಎಂದರೆ ಯಾರು ನಂಬುತ್ತಾರೆ? ಆ ಮನೆಯಲ್ಲಿ ಮಾತ್ರ ಅದೇ ನಿಜ. ಅಪ್ಪ ನಲವತ್ತು ವರ್ಷ ಸ್ಟೀರಿಂಗ್ ಹಿಡಿದವರು. ಮಗ ಎರಡನೇ ತಿರುವಿಗೇ ಕಿಟಕಿಯಿಂದ ತಲೆ ಹೊರಗೆ ಹಾಕುವವನು. ಲಿಂಬೆಹಣ್ಣು ಮೂಸಿಸಿದರು, ಕಣ್ಣು ಮುಚ್ಚಿಸಿ ಕೂರಿಸಿದರು, ಬೈದೂ ನೋಡಿದರು. ಕೊನೆಗೆ ಅವನು ಹೊಲಿಗೆ ಯಂತ್ರದ ಮುಂದೆ ಕೂತ. ಅದು ಎಷ್ಟು ಓಡಿದರೂ ಇದ್ದಲ್ಲೇ ಇರುತ್ತದಲ್ಲ, ಅವನಿಗೆ ಒಗ್ಗಿತು. ಲಾರಿಯಲ್ಲಿ ಅಪ್ಪನ ಪಕ್ಕದ ಸೀಟು ಹಾಗೇ ಖಾಲಿ ಉಳಿಯಿತು.

ಆ ಸೀಟಿಗೆ ಬಂದವಳು ಸೊಸೆ. ಮೊದಲು ಊಟದ ಡಬ್ಬಿ ಕೊಡಲು ಬಂದಳು, ಆಮೇಲೆ ಬಟ್ಟೆ ಗಂಟು ಇಳಿಸಲು ಕೈ ಕೊಟ್ಟಳು, ಅದಾದ ಮೇಲೆ ಒಂದು ದಿನ ಖಾಲಿ ಮೈದಾನದಲ್ಲಿ ಮಾವ ಇಳಿದು ಈಚೆ ಬಂದು, "ಆ ಕಡೆ ಸರಿ" ಎಂದರು. ಗೇರು ಹಾಕುವುದೆಂದರೆ ಬಾಗಿಲು ಮುಚ್ಚಿದ ಹಾಗಲ್ಲ, ಮಗು ಮಲಗಿಸಿದ ಹಾಗೆ ಎಂದು ಹೇಳಿದ್ದೊಂದೇ ಪಾಠ. ಬೀದಿಯಲ್ಲಿ ನಾಲ್ಕು ಜನ ನಾಲ್ಕು ಮಾತಾಡಿದರು. ಅತ್ತೆ, "ಮಗನ ಕೈಗೆ ಸೂಜಿ ಕೊಟ್ಟರು, ಸೊಸೆ ಕೈಗೆ ಸ್ಟೀರಿಂಗು ಕೊಟ್ಟರು, ನನ್ನ ಕೈಗೆ ಸೌಟು ಮಾತ್ರ ಬಿಟ್ಟರು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅಷ್ಟಾಗಿ ಆರು ವರ್ಷ ಕಳೆದಿತ್ತು.

ಲಾರಿ ಚಿಕ್ಕದು, ಹಳೆಯದು, ಪೆಟ್ರೋಲಿನದು. ಕೆಲಸ ಆಸ್ಪತ್ರೆ ಬಟ್ಟೆಯದು. ಬೆಳಗಿನ ಪಾಳಿ ಮಾವನದು. ಆಸ್ಪತ್ರೆಗಳಿಂದ ಕೊಳೆ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ನಿಲುವಂಗಿ ಎಲ್ಲ ಗಂಟು ಕಟ್ಟಿ ತಂದು ಬಟ್ಟೆ ಒಗೆಯುವ ಕಾರ್ಖಾನೆಗೆ ಹಾಕಿ ಹತ್ತು ಗಂಟೆಗೆ ಮನೆಗೆ ಬರುವರು. ಎರಡು ಗಂಟೆಗೆ ಸೊಸೆ ಹೊರಟು, ಒಗೆದು ಇಸ್ತ್ರಿ ಮಾಡಿದ ಗಂಟುಗಳನ್ನು ಆಸ್ಪತ್ರೆಗಳಿಗೆ ಹಂಚಿ ಕತ್ತಲಾಗುವ ಮೊದಲು ಮರಳುವಳು. ಮಧ್ಯದ ಹೊತ್ತಿನಲ್ಲಿ ಲಾರಿ ಮನೆ ಮುಂದೆ ನಿಂತಿರುತ್ತಿತ್ತು.

ಮೂರು ತಿಂಗಳ ಹಿಂದೆ ಅದಕ್ಕೆ ನಡುಕ ಹತ್ತಿತು. ಓಡುವಾಗ ಸರಿ. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಇಂಜಿನ್ ಜ್ವರ ಬಂದವರ ಹಾಗೆ ಅದುರುವುದು, ಏರುವುದು, ಇಳಿಯುವುದು, ಕೆಲವು ಸಲ ನಿಂತೇ ಹೋಗುವುದು. ಹೊರಡಿಸಲು ಕಾಲು ಒತ್ತಿದರೆ ಮೊದಲು ಒಂದು ಬಿಕ್ಕಳಿಕೆ, ಆಮೇಲೆ ಎಳೆತ. ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿಕೊಂಡಿತು.

ಅದರ ಬೆನ್ನಿಗೇ ಇನ್ನೊಂದು. ಒಂದು ಸಂಜೆ ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಬಿಸಿ ತೋರಿಸುವ ಸೂಜಿ ಮೇಲಕ್ಕೆ ಹತ್ತುವುದನ್ನು ಸೊಸೆ ನೋಡಿದಳು. ಆಚೆ ದಡದ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಗೆ ಬಟ್ಟೆ ಇಲ್ಲವೆಂದು ಎರಡು ಸಲ ಫೋನ್ ಬಂದಿತ್ತು. ಇಂಜಿನ್ ಆರಿಸಿ ಕೂರಬೇಕಿತ್ತು. ಕೂರಲಿಲ್ಲ. ಇನ್ನು ಹತ್ತು ನಿಮಿಷ, ಇನ್ನು ಐದು ನಿಮಿಷ ಎಂದುಕೊಳ್ಳುತ್ತ ತಲುಪಿಸಿಯೇ ಬಿಟ್ಟಳು. ಇಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ನೀರು ಒಂದು ಲೋಟದಷ್ಟು ಕಮ್ಮಿ. ಮಾರನೆಯ ದಿನವೂ ಒಂದು ಲೋಟ, ಅದರ ಮಾರನೆಯ ದಿನವೂ ಒಂದು ಲೋಟ.

ಅವಳು ಯಾರಿಗೂ ಹೇಳಲಿಲ್ಲ. ಗಾಡಿಯ ಪುಸ್ತಕದಲ್ಲಿ ಬರೆದಿದ್ದ, ಇಂಜಿನ್ ತಂಪಾಗಿಡುವ ಗುಲಾಬಿ ಬಣ್ಣದ ಕೂಲೆಂಟ್ ಡಬ್ಬಿಯೊಂದನ್ನು ತಂದು ಸೀಟಿನ ಹಿಂದೆ ಹಳೆ ಗೋಣಿಯಲ್ಲಿ ಸುತ್ತಿಟ್ಟಳು. ದಿನಾ ಸಂಜೆ ಬಂದು, ಕೈಕಾಲು ತೊಳೆದು, ಮನೆಯವರೆಲ್ಲ ಒಳಗಿರುವಾಗ ಹೋಗಿ ಒಂದು ಲೋಟ ಹಾಕಿ ಬರುವಳು. ಭಯ ನೀರಿನದಲ್ಲ. ಮಾರನೆಯ ದಿನ ಎರಡು ಗಂಟೆಗೆ ಹೊರಡುವ ಮುಂಚೆ ನೋಡಿದರೆ ನೀರು ಗೆರೆಗೆ ಸರಿಯಾಗಿ ತುಂಬಿರುತ್ತಿತ್ತು. ಮಾವ ಬೆಳಗಿನಿಂದ ಓಡಿಸಿ ತಂದ ಗಾಡಿ, ಒಂದು ಹನಿ ಇಳಿದಿರುತ್ತಿರಲಿಲ್ಲ. ಅವಳ ಕೈಗೆ ಬಂದ ಮೇಲೆ ಒಂದು ಲೋಟ ಮಾಯ. ಇದಕ್ಕೆ ಏನರ್ಥ? ಅದೇ ಗಾಡಿ, ಅದೇ ರಸ್ತೆ, ಬೇರೆಯಾದದ್ದು ಕೈ ಒಂದೇ. ಕೈಗುಣ ಎನ್ನುತ್ತಾರಲ್ಲ, ಅದು ಅಡುಗೆಗೆ ಮಾತ್ರ ಅಂದುಕೊಂಡಿದ್ದಳು, ಇಂಜಿನ್ನಿಗೂ ಇರುತ್ತದೆ ಎಂದು ಈಗ ನಂಬಿದಳು.

ಮಾವ ಲಾರಿಯನ್ನು ದೊಡ್ಡ ಗ್ಯಾರೇಜಿಗೆ ಒಯ್ದರು. ಅಲ್ಲಿ ಗಾಜಿನ ಕೋಣೆ, ಗಾಜಿನ ಹಿಂದೆ ಕಂಪ್ಯೂಟರು, ಕಂಪ್ಯೂಟರಿನ ಹಿಂದೆ ಒಬ್ಬ ಹುಡುಗು ಮೋರೆಯ ಇಂಜಿನಿಯರು. ಇಂಜಿನ್ನಿಗೆ ಗಾಳಿ ಜಾಸ್ತಿ ಹೋಗುತ್ತಿದೆ, ಪೆಟ್ರೋಲು ಸಾಲುತ್ತಿಲ್ಲ, ಇದಕ್ಕೆ ಲೀನ್ ಎನ್ನುತ್ತಾರೆ ಎಂದು ಹೇಳಿ ಹೊಗೆ ಕೊಳವೆಯಲ್ಲಿರುವ ಸೆನ್ಸರ್ ಬದಲಾಯಿಸಿದ. ದೀಪ ನಾಲ್ಕು ದಿನ ಆರಿತ್ತು, ಐದನೆಯ ದಿನ ಮತ್ತೆ ಹತ್ತಿತು. ಎರಡನೇ ಸಲ ಹೋದಾಗ ಸೊಸೆಯೂ ಜೊತೆಗಿದ್ದಳು. ನೀರು ಕುಡಿಯುತ್ತದಾ ಎಂದು ಇಂಜಿನಿಯರು ಕೇಳಿದ. ಮಾವ ನೆಲ ನೋಡುತ್ತ, "ದಿನಕ್ಕೆ ಒಂದು ಲೋಟ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೊಸೆಯ ಕೈ ತಾನಾಗಿ ಸೆರಗಿಗೆ ಹೋಯಿತು, ಅಲ್ಲಿ ಗುಲಾಬಿ ಕಲೆ ಇದೆಯೋ ಎಂಬಂತೆ. ಮಾವನಿಗೆ ಗೊತ್ತಾಗಿದೆ. ಲೋಟದ ಅಳತೆ ಕೂಡ ಗೊತ್ತಾಗಿದೆ. ಗೊತ್ತಿದ್ದೂ ತನ್ನ ಮುಖ ಉಳಿಸಲು ಸುಮ್ಮನಿದ್ದಾರೆ. ಅವರು ಒಂದು ಮಾತು ಬೈದಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನೆಲಕ್ಕೆ ಸೋರದೆ ನೀರು ಕಾಣೆಯಾಗುತ್ತಿದ್ದರೆ ಹೆಡ್ಡು ಸೀಳಿದೆ ಎಂದರ್ಥ, ಇಂಜಿನ್ನಿನ ತಲೆಯೇ ಹೋದ ಮೇಲೆ ಉಳಿದದ್ದೇನು, ಈ ವಯಸ್ಸಿನ ಗಾಡಿಗೆ ಅದನ್ನು ಮಾಡಿಸುವುದು ಮೂಗಿಗಿಂತ ಮೂಗುತಿ ಭಾರ ಎಂದು ಇಂಜಿನಿಯರು ತೀರ್ಪು ಕೊಟ್ಟ. ಕಾರ್ಖಾನೆಯ ಮ್ಯಾನೇಜರು ಒಂದು ವಾರ ಕಾಯುತ್ತೇನೆ, ಆಮೇಲೆ ಬೇರೆ ಗಾಡಿ ನೋಡುತ್ತೇನೆ ಎಂದ. ಮಾವ ಅಂದೇ ಗುಜರಿಯವನಿಗೆ ಫೋನ್ ಮಾಡಿ ಬಂದು ಎಳೆದುಕೊಂಡು ಹೋಗು ಎಂದುಬಿಟ್ಟರು.

ಲಾರಿ ಹೋದರೆ ಸೊಸೆ ಗಂಡನ ಪಕ್ಕ ಕೂತು ಗುಂಡಿ ಹೊಲಿಯಬೇಕು. ಗುಂಡಿ ಹೊಲಿಯುವುದರಲ್ಲಿ ಅವಮಾನವೇನೂ ಇಲ್ಲ, ಆದರೆ ಅವಳಿಗೆ ಊರಿನ ರಸ್ತೆಗಳೆಲ್ಲ ಅಂಗೈ ರೇಖೆಯ ಹಾಗೆ ಗೊತ್ತಿದ್ದವು. ಆಸ್ಪತ್ರೆಯ ಹಿಂಬಾಗಿಲಲ್ಲಿ ಅವಳಿಗಾಗಿ ಕಾಯುವ ಆಯಾಗಳಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಸೊಸೆಯ ಕೈಗೆ ಕೊಟ್ಟು ಲಾರಿ ಕಳೆದುಕೊಂಡ ಎಂದು ಬೀದಿ ಆಡಿಕೊಳ್ಳುವುದು ಮಾವನನ್ನು. ಅವಳು ಊಟಕ್ಕೆ ಬಡಿಸುತ್ತ, ಒಂದು ಸಲ ನಿಧಾನಪ್ಪನಿಗೆ ತೋರಿಸೋಣ ಮಾವ ಎಂದು ಕೇಳಿಕೊಂಡಳು. ಮಾವ ಅನ್ನ ಕಲಸುತ್ತಲೇ, ಗುಜರಿಯವನು ಬರುವುದು ನಾಡಿದ್ದು, ಅಷ್ಟರೊಳಗೆ ನಿಧಾನಪ್ಪ ಬಾನೆಟ್ ತೆಗೆದರೆ ಅದೇ ದೊಡ್ಡದು ಎಂದರು.

ನಿಧಾನಪ್ಪ ಎಂಬುದು ಅವನ ಹೆಸರಲ್ಲ, ಊರು ಇಟ್ಟದ್ದು. ಮರದ ಅಡ್ಡೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲಿ ಅವನೊಬ್ಬ. ಅವನ ಕೈಗೆ ಗಾಡಿ ಕೊಟ್ಟರೆ ರಿಪೇರಿ ಮುಗಿಯುವಷ್ಟರಲ್ಲಿ ಮಾಲೀಕನಿಗೆ ಮೊಮ್ಮಕ್ಕಳಾಗುತ್ತವೆ ಎಂದು ತಮಾಷೆ ಮಾಡುತ್ತಿದ್ದರು. ಅವನು ಅದಕ್ಕೆ, "ಆಗಲಿ, ಮೊಮ್ಮಕ್ಕಳೂ ಅದೇ ಗಾಡೀಲಿ ಓಡಾಡ್ತಾರೆ" ಎನ್ನುವನು.

ಅವತ್ತು ಸಂಜೆ ಲಾರಿ ಶೆಡ್ಡಿಗೆ ಬಂದಾಗ ಅವನು ಬಾನೆಟ್ ಮುಟ್ಟಲಿಲ್ಲ. ರಟ್ಟಿನ ತುಂಡೊಂದನ್ನು ಮೊಣಕಾಲ ಮೇಲಿಟ್ಟುಕೊಂಡು ಪೆನ್ಸಿಲ್ ಹಿಡಿದ. ಓಡಿಸುವವರು ಎಷ್ಟು ಜನ ಎಂದು ಕೇಳಿದ. ಇಬ್ಬರು ಎಂದಾಗ, ಹಾಗಾದರೆ ಒಬ್ಬೊಬ್ಬರೇ ಬನ್ನಿ ಎಂದ. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಕೇಳಿದರೆ ಡಾಕ್ಟರಿಗೆ ಯಾರು ಜೋರಾಗಿ ಮಾತಾಡುತ್ತಾರೋ ಅವರ ಕಾಯಿಲೆ ಮಾತ್ರ ಗೊತ್ತಾಗುತ್ತದೆ ಎಂಬುದು ಅವನ ನಂಬಿಕೆ. ಮೊದಲು ಮಾವ ಒಳಗೆ ಹೋಗಿ ಬಂದರು, ಆಮೇಲೆ ಸೊಸೆ ಹೋದಳು.

ನಡುಕ ನಿಂತಾಗಲೋ ಓಡುವಾಗಲೋ ಎಂದು ಕೇಳಿದ. ನಿಂತಾಗ ಎಂದಳು. ಭಾರ ಹೇರಿ ಏರು ಹತ್ತುವಾಗ ಸುಸ್ತಾಗುತ್ತದಾ ಎಂದ. ಇಲ್ಲ, ಏರಿಗೆ ಏನೂ ತೊಂದರೆಯಿಲ್ಲ ಎಂದಳು. ಚಳಿಯಲ್ಲಿ ಹೀಟರ್ ಹಾಕಿದಾಗ ಏನಾದರೂ ಕಂಡಿತಾ ಎಂದ. ಆಗ ಅವಳಿಗೆ ನೆನಪಾಯಿತು. ಓಡುವಾಗ ಬಿಸಿ ಗಾಳಿ, ಸಂಜೆ ಮನೆ ಹತ್ತಿರ ಬಂದು ಸಿಗ್ನಲ್ಲಿನಲ್ಲಿ ನಿಂತರೆ ಅದೇ ಗಾಳಿ ತಣ್ಣಗೆ. ನೀರು ಕಮ್ಮಿಯಾಗಿರುವ ಲಕ್ಷಣ ಅದು ಎಂದು ಅವನು ಬರೆದುಕೊಂಡ. ಕೊನೆಗೆ ಎಷ್ಟು ನೀರು ಹಾಕುತ್ತೀರಿ ಎಂದ.

"ಮಾವ ಹೇಳಿರಬೇಕಲ್ಲ ಅಣ್ಣ, ದಿನಕ್ಕೆ ಒಂದು ಲೋಟ" ಎಂದಳು. ಸುಳ್ಳಲ್ಲ, ಆದರೆ ನಿಜವನ್ನು ಬೇರೆಯವರ ಹೆಗಲ ಮೇಲಿಟ್ಟು ಹೇಳಿದ್ದು.

ಅವರೂ ಅಷ್ಟೇ ಹೇಳಿದರು ಎಂದು ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ. ಇಂಜಿನ್ ಬಿಸಿಯಿದ್ದಾಗ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಂಡಿರುತ್ತದೆ, ಬೆಳಿಗ್ಗೆ ತಣ್ಣಗಾದ ಮೇಲೆ ಬನ್ನಿ ಎಂದು ಲಾರಿಯ ಹೊಟ್ಟೆಯ ಕೆಳಗೆ ಅಗಲವಾದ ರಟ್ಟು ಹಾಸಿದ.

ಬೆಳಿಗ್ಗೆ ರಟ್ಟು ಒಣಗಿತ್ತು. ಒಂದು ಹನಿಯ ಕಲೆ ಇಲ್ಲ. ನಿಧಾನಪ್ಪ ಆಯಿಲ್ ಕಡ್ಡಿ ಎಳೆದು ಬೆಳಕಿಗೆ ಹಿಡಿದ. ನೀರು ಬೆರೆತಿದ್ದರೆ ಹಾಲು ಕಲಸಿದ ಕಾಫಿಯ ಹಾಗಿರಬೇಕಿತ್ತು, ಹಾಗಿರಲಿಲ್ಲ. ರೇಡಿಯೇಟರಿನ ಮುಚ್ಚಳ ತೆಗೆದು ಬೆರಳದ್ದಿ ಬಿಳಿ ಬಟ್ಟೆಗೆ ಒರೆಸಿದ. ಬಟ್ಟೆಯ ಮೇಲೆ ಮಾಸಿದ ತುಟಿಬಣ್ಣದಂಥ ಗುರುತು, ಅದರ ಸುತ್ತ ತುಕ್ಕಿನ ಅಂಚು. ಇದಕ್ಕೆ ಏನು ಹಾಕುತ್ತೀರಿ ಎಂದು ಮಾವನನ್ನು ಕೇಳಿದ. ನಲ್ಲಿ ನೀರು ಎಂದರು ಮಾವ. ಅವನು ಬಟ್ಟೆಯನ್ನು ಇನ್ನೊಮ್ಮೆ ನೋಡಿ, ಮಡಚಿ ಜೇಬಿಗಿಟ್ಟ. ಮಾವ ಇಲ್ಲೂ ತನ್ನನ್ನು ಮರೆಮಾಡುತ್ತಿದ್ದಾರೆ ಎಂದುಕೊಂಡ ಸೊಸೆಯ ಕಿವಿ ಬಿಸಿಯಾಯಿತು.

ಮುಚ್ಚಳದ ಜಾಗಕ್ಕೆ ಒಂದು ಕೈಪಂಪು ತಿರುಗಿಸಿ, ಓಡುವಾಗ ಒಳಗೆ ಎಷ್ಟು ಒತ್ತಡ ಇರುತ್ತದೋ ಅಷ್ಟು ಗಾಳಿ ತುಂಬಿಸಿದ. ಆಮೇಲೆ ಸ್ಟೂಲ್ ಎಳೆದುಕೊಂಡು ಮೀಟರ್ ನೋಡುತ್ತ ಕೂತ. ಮಾವನಿಗೂ ಸ್ಟೂಲ್ ಕೊಟ್ಟ. ಅರ್ಧ ಗಂಟೆ ಮೂವರೂ ಒಲೆ ಮುಂದೆ ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಕೂತರು. ಮೀಟರಿನ ಮುಳ್ಳು ಇಳಿದದ್ದು ಕಣ್ಣಿಗೆ ಕಾಣಲಿಲ್ಲ, ಆದರೆ ಇಳಿದಿತ್ತು. ರಟ್ಟು ಈಗಲೂ ಒಣ. ಅಂದರೆ ನೀರು ಒಳಗೇ ಎಲ್ಲಿಗೋ ಹೋಗುತ್ತಿದೆ. ಒತ್ತಡ ಬಿಟ್ಟು, ಅಳತೆ ಲೋಟದಲ್ಲಿ ನೀರು ಹಿಡಿದು ಗೆರೆಯವರೆಗೆ ತುಂಬಿಸಿ, ಎಷ್ಟು ಹಿಡಿಯಿತು ಎಂದು ರಟ್ಟಿನ ಮೇಲೆ ಬರೆದ.

ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿ ಇಟ್ಟ. ಮೂರು ಪ್ಲಗ್ಗುಗಳ ಮೂತಿ ಮಾಮೂಲಿ ಬೂದು. ಮೂರನೇ ಸಿಲಿಂಡರಿನದು ಮಾತ್ರ ಈಗ ತಾನೇ ಉಜ್ಜಿ ತೊಳೆದಿಟ್ಟ ಪಾತ್ರೆಯ ಹಾಗೆ ಬೆಳ್ಳಗೆ, ತುದಿಯಲ್ಲಿ ತೇವ. ಆವಿ ತೊಳೆದದ್ದು ಎಂದ. ಮಾವನ ಮುಖ ಸಣ್ಣದಾಯಿತು. ಹಾಗಾದರೆ ಹೆಡ್ಡೇ ಅಲ್ಲವೇ ಎಂದು ಕೇಳಿದರು. ಇರಬಹುದು, ಇಲ್ಲದೆಯೂ ಇರಬಹುದು, ಇಂಜಿನ್ನನ್ನೇ ಕೇಳೋಣ ಎಂದು ಅವನು ಪ್ಲಗ್ಗುಗಳನ್ನು ಮತ್ತೆ ಕೂರಿಸಿದ.

ಗಾಜಿನ ಕೊಳವೆಯೊಂದರಲ್ಲಿ ನೀಲಿ ದ್ರವ ಹಾಕಿ ರೇಡಿಯೇಟರಿನ ಬಾಯಿಗೆ ಇಟ್ಟು ಇಂಜಿನ್ ಶುರು ಮಾಡಿದ. ಹೆಡ್ಡು ಸೀಳಿದ್ದರೆ ಉರಿದ ಹೊಗೆ ನೀರಿಗೆ ನುಗ್ಗುತ್ತದೆ, ಹೊಗೆ ತಾಗಿದರೆ ನೀಲಿ ಹಳದಿಯಾಗುತ್ತದೆ. ಸೊಸೆ ಆ ಕೊಳವೆಯನ್ನು ನೋಡಿದ ಹಾಗೆ ಜನ್ಮದಲ್ಲಿ ಬೇರೇನನ್ನೂ ನೋಡಿರಲಿಲ್ಲ. ಸೇತುವೆಯ ಆ ಸಂಜೆ ಅವಳ ಕಣ್ಣ ಮುಂದೆ ನಿಂತಿತ್ತು. ಐದು ನಿಮಿಷವಾಯಿತು, ಹತ್ತಾಯಿತು. ಗುಳ್ಳೆ ಏರಿತು, ಒಡೆಯಿತು, ಇನ್ನೊಂದು ಏರಿತು. ನೀಲಿ ನೀಲಿಯಾಗಿಯೇ ಉಳಿಯಿತು.

ತಲೆ ಗಟ್ಟಿಯಾಗಿದೆ ಎಂದ ನಿಧಾನಪ್ಪ.

ಆಮೇಲೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಚುಚ್ಚಿದ. ಇಂಜಿನ್ ನಿಂತಲ್ಲೇ ಅದುರುತ್ತಿರುವಾಗ ಗಾಡಿಯೊಳಗಿನ ಕಂಪ್ಯೂಟರು ಮಾಮೂಲಿಗಿಂತ ನೂರಕ್ಕೆ ಇಪ್ಪತ್ತೈದು ಪಾಲು ಹೆಚ್ಚು ಪೆಟ್ರೋಲು ಸುರಿಯುತ್ತಿತ್ತು, ಆದರೂ ಸಾಲದು ಎನ್ನುತ್ತಿತ್ತು. ಅವನು ಸೊಸೆಯನ್ನು ಹತ್ತಿಸಿ ಆಕ್ಸಿಲರೇಟರ್ ಒತ್ತಿ ಹಿಡಿಯಲು ಹೇಳಿದ. ಇಂಜಿನ್ ಜೋರಾದಂತೆ ಇಪ್ಪತ್ತೈದು ಇಳಿದು ಹದಿನೈದಾಯಿತು, ಆರಾಯಿತು. ಅವನು ತಲೆಯಾಡಿಸಿದ. ಪೆಟ್ರೋಲ್ ಪಂಪು ಸೋತಿದ್ದರೆ ಜೋರು ಮಾಡಿದಾಗ ಇನ್ನೂ ಕೆಡಬೇಕಿತ್ತು. ಇದು ಎಲ್ಲೋ ಕಳ್ಳಗಾಳಿ ಎಳೆದುಕೊಳ್ಳುತ್ತಿದೆ. ನಿಂತಾಗ ಇಂಜಿನ್ ಉಸಿರಾಡುವುದೇ ಸ್ವಲ್ಪ, ಆಗ ಸಣ್ಣ ತೂತಿನ ಗಾಳಿಯೂ ದೊಡ್ಡದು. ಜೋರಾಗಿ ಉಸಿರಾಡುವಾಗ ಅದು ಲೆಕ್ಕಕ್ಕೇ ಇಲ್ಲ. ತುಂಬಿದ ಮನೆಯಲ್ಲಿ ಒಬ್ಬ ನೆಂಟ ಬಂದರೆ ಗೊತ್ತಾಗುವುದಿಲ್ಲ, ಇಬ್ಬರೇ ಇರುವ ಮನೆಗೆ ಬಂದರೆ ಅನ್ನ ಸಾಲುವುದಿಲ್ಲ, ಅಷ್ಟೇ ಎಂದ.

ಇಂಜಿನ್ ಆರಿಸಿ, ತಗಡಿನ ಡಬ್ಬಿಯಿಂದ ತಾನೇ ಮಾಡಿಕೊಂಡಿದ್ದ ಹೊಗೆಯ ಯಂತ್ರವನ್ನು ಗಾಳಿ ಹೋಗುವ ಬಾಯಿಗೆ ಸಿಕ್ಕಿಸಿದ. ಟಾರ್ಚ್ ಹಿಡಿದು ಮೂವರೂ ಬಗ್ಗಿದರು. ಸ್ವಲ್ಪ ಹೊತ್ತಿಗೆ, ಗಾಳಿಯನ್ನು ನಾಲ್ಕು ಸಿಲಿಂಡರುಗಳಿಗೂ ಹಂಚುವ ಕೊಳವೆಗಳ ಗುಂಪು ಇಂಜಿನ್ನಿಗೆ ಕೂಡುವ ಜಾಗದಲ್ಲಿ, ಮೂರನೇ ಕೊಳವೆಯ ಅಡಿಯಿಂದ, ದಾರದಷ್ಟು ತೆಳ್ಳಗೆ ಹೊಗೆ ಎದ್ದಿತು.

ನೀರಿನ ದಾರಿಯೊಂದು ಅದೇ ಜಾಗದಲ್ಲಿ, ಅದರ ಮಗ್ಗುಲಲ್ಲೇ ಹಾದುಹೋಗುತ್ತದೆ ಎಂದು ಅವನು ಬೆರಳಿಟ್ಟು ತೋರಿಸಿದ. ಎರಡು ದಾರಿಗೂ ನಡುವೆ ಇರುವುದು ಒಂದೇ ಗ್ಯಾಸ್ಕೆಟ್, ಸೋರದಂತೆ ಒತ್ತಿ ಕೂರಿಸುವ ತೆಳು ಪಟ್ಟಿ. ಅದರ ಒಳ ಅಂಚು ಹೋದರೆ ಇಂಜಿನ್ ನೀರು ಕುಡಿಯುತ್ತದೆ, ಹೊರ ಅಂಚು ಹೋದರೆ ಗಾಳಿ ಕುಡಿಯುತ್ತದೆ. ದೊಡ್ಡ ಗ್ಯಾರೇಜಿನವನು ಎರಡು ಕಾಯಿಲೆ ಎಂದುಕೊಂಡದ್ದು ಒಂದೇ ಕಾಯಿಲೆ.

ಹಾಗಾದರೆ ಬಿಚ್ಚೋಣ ಎಂದು ಮಾವ ತೋಳು ಮಡಚಿದರು. ನಿಧಾನಪ್ಪ ಸ್ಪ್ಯಾನರ್ ಮುಟ್ಟಲಿಲ್ಲ. ಮತ್ತೆ ಸ್ಟೂಲಿನ ಮೇಲೆ ಕೂತು ರಟ್ಟಿನ ತುಂಡನ್ನು ಮುಂದಿಟ್ಟುಕೊಂಡ. ಲೆಕ್ಕ ಕೂಡುತ್ತಿಲ್ಲ ಎಂದ. ಅರ್ಧ ಗಂಟೆಗೆ ಇಷ್ಟು ಸೋರುವ ಗಾಡಿ, ನೀವಿಬ್ಬರೂ ಓಡಿಸುವಷ್ಟು ಓಡಿದರೆ ದಿನಕ್ಕೆ ಎರಡು ಲೋಟ ಆದರೂ ಬೇಕು. ಇಬ್ಬರೂ ಒಂದೇ ಲೋಟ ಎನ್ನುತ್ತೀರಿ. ಒಂದೇ ಲೋಟ ನಿಜವಾದರೆ ನನ್ನ ಅಳತೆ ಎಲ್ಲೋ ತಪ್ಪಿದೆ, ಅಳತೆ ತಪ್ಪಿದ ಮೇಲೆ ನಾನು ಕಂಡುಹಿಡಿದದ್ದೂ ತಪ್ಪಿರಬಹುದು. ಊಹೆಯ ಮೇಲೆ ಇಂಜಿನ್ ಬಿಚ್ಚುವವನು ನಾನಲ್ಲ, ಗುಜರಿಯವನಿಗೇ ಕೊಟ್ಟುಬಿಡಿ ಎಂದ. ಅಷ್ಟು ಹೇಳಿ ಜೇಬಿನಿಂದ ಆ ಬಿಳಿ ಬಟ್ಟೆ ತೆಗೆದು ತೊಡೆಯ ಮೇಲೆ ಹರಡಿ ಕೂತ. ಯಾರ ಮುಖವನ್ನೂ ನೋಡಲಿಲ್ಲ.

ಶೆಡ್ಡಿನ ಆಚೆ ಮರ ಕೊಯ್ಯುವ ಯಂತ್ರ ಒಮ್ಮೆ ಕೂಗಿ ನಿಂತಿತು.

"ಒಂದು ಲೋಟ ನಂದು" ಎಂದಳು ಸೊಸೆ.

ಮಾವ ತಿರುಗಿದರು. "ಯಾವ ಲೋಟ?"

"ದಿನಾ ಸಾಯಂಕಾಲ ಬಂದು ಹಾಕ್ತಿದ್ದೆ. ನಿಮಗೆ ಗೊತ್ತಾಗಿತ್ತಲ್ಲ ಮಾವ. ಗ್ಯಾರೇಜಲ್ಲಿ ನೀವೇ ಹೇಳಿದ್ರಿ."

"ನಾನು ಹೇಳಿದ್ದು ನಂದು" ಎಂದರು ಮಾವ. ಆ ಮಾತು ಅವರ ಬಾಯಿಂದ ಬಂದ ಮೇಲೆ ಅವರಿಗೇ ಕೇಳಿಸಿತು. "ಮಧ್ಯಾಹ್ನ ಊಟಕ್ಕೆ ಕೂರೋ ಮುಂಚೆ ಹಾಕೋ ಲೋಟ. ನೀನು ನೋಡಿಬಿಡ್ತೀಯ ಅಂತ, ನೀನು ಒಳಗೆ ತಟ್ಟೆ ಹಾಕ್ತಿರುವಾಗ ಹೋಗಿ ಹಾಕಿ ಬರ್ತಿದ್ದೆ."

ನಿಧಾನಪ್ಪ ಪೆನ್ಸಿಲ್ ತೆಗೆದು ರಟ್ಟಿನ ಮೇಲೆ ಒಂದರ ಕೆಳಗೆ ಒಂದು ಬರೆದು ಗೆರೆ ಎಳೆದ.

ಮಾವ ನಿಂತಲ್ಲಿಂದ ಲಾರಿಯ ಬಂಪರಿಗೆ ಒರಗಿದರು. ಬೆಳಗಿನ ಜಾವ ಮುಚ್ಚಳ ತೆಗೆದರೆ ನೀರು ತುಂಬಿರುತ್ತಿತ್ತಂತೆ. ಸೊಸೆ ಇಡೀ ಮಧ್ಯಾಹ್ನ ಓಡಿಸಿ ತಂದ ಗಾಡಿಯಲ್ಲಿ ಒಂದು ಹನಿ ಕಮ್ಮಿಯಿಲ್ಲ. ತಾವು ಓಡಿಸಿ ಬಂದರೆ ಒಂದು ಲೋಟ ಇಳಿದಿರುತ್ತಿತ್ತು. ಮೂರು ತಿಂಗಳು ಹೀಗೇ. ಗೇರು ಒರಟಾಯಿತೇನೋ, ಕಾಲು ಕ್ಲಚ್ಚಿನ ಮೇಲೇ ನಿಂತುಬಿಡುತ್ತದೇನೋ, ವಯಸ್ಸಾದ ಕೈ ಗಾಡಿಗೂ ಬೇಡವಾಯಿತೇನೋ ಎಂದು ತಾವೇ ತಮ್ಮನ್ನು ಬೈದುಕೊಂಡರಂತೆ. ಗುಜರಿಗೆ ಕೊಟ್ಟುಬಿಟ್ಟರೆ ತಮ್ಮ ಕೈ ಕೆಟ್ಟಿತೆಂದು ಯಾರಿಗೂ ತಿಳಿಯುವುದಿಲ್ಲ ಎಂದು ಅವಸರ ಮಾಡಿದ್ದಂತೆ.

"ನಿನ್ನ ಕೈಯಲ್ಲಿ ಚೆನ್ನಾಗಿದೆ, ನನ್ನ ಕೈಯಲ್ಲೇ ಕುಡೀತಿದೆ ಅನ್ಕೊಂಡೆ ಕಣಮ್ಮ."

ಸೊಸೆಗೆ ನಗು ಬಂತು. ಅವಳು ತನ್ನದನ್ನೂ ಹೇಳಿದಳು. ಸೀಟಿನ ಹಿಂದಿನ ಗೋಣಿಯ ಡಬ್ಬಿಯಿಂದ ಹಿಡಿದು ಸೇತುವೆಯ ಸಂಜೆಯವರೆಗೆ, ಸೂಜಿ ಎಲ್ಲಿಯವರೆಗೆ ಏರಿತ್ತು, ತಾನು ಎಷ್ಟು ಹೊತ್ತು ನಿಲ್ಲಿಸಲಿಲ್ಲ ಎನ್ನುವುದನ್ನೂ ಬಿಡಲಿಲ್ಲ. ಸೇತುವೆಯ ಮಾತಿಗೆ ಮಾವ ಹುಬ್ಬು ಗಂಟಿಕ್ಕಿದರು. ನಿಲ್ಲಿಸಬೇಕಿತ್ತು ಎಂದರು. ಹೌದು ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಅವತ್ತೇ ಹೆಡ್ಡು ಬೆಂದಿದ್ದರೆ ಈಗ ನೀಲಿ ಹಳದಿಯಾಗುತ್ತಿತ್ತು ಎಂದು ನಿಧಾನಪ್ಪ ಅವಳ ಕಡೆ ನೋಡದೆ ಹೇಳಿದ.

ಬಣ್ಣದ್ದೊಬ್ಬರು, ಬರೀ ನೀರೊಬ್ಬರು ಹಾಕಿ ಹಾಕಿ ಒಳಗೆ ತುಕ್ಕು ಹಿಡಿದಿದೆ, ಗ್ಯಾಸ್ಕೆಟ್ ಅಂಚು ತಿನ್ನುವುದಕ್ಕೆ ಅದೂ ಕೈಸೇರಿಸಿದೆ ಎಂದ ಅವನು. ಆಮೇಲೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡ. "ಅತ್ತೆ ಒಂದು ಸಲ, ಸೊಸೆ ಒಂದು ಸಲ ಉಪ್ಪು ಹಾಕಿ ಅಡುಗೆ ಕೆಡಿಸಿದ್ದು ಕೇಳಿದ್ದೆ. ಮಾವ ಸೊಸೆ ಸೇರ್ಕೊಂಡು ನೀರು ಹಾಕಿ ಇಂಜಿನ್ ಕೆಡಿಸಿದ್ದು ಇದೇ ಮೊದಲು ಯಜಮಾನ್ರೇ."

ಬಿಚ್ಚುವುದಕ್ಕೆ ಒಂದು ಗಂಟೆ, ಕೂಡುವ ಮುಖವನ್ನು ಉಜ್ಜಿ ನಯ ಮಾಡುವುದಕ್ಕೆ ಎರಡು ಗಂಟೆ ಹಿಡಿಯಿತು. ತೆಗೆದ ಗ್ಯಾಸ್ಕೆಟ್ ಮೂರನೇ ಕೊಳವೆಯ ಹತ್ತಿರ ಇಲಿ ಕಡಿದ ಬಟ್ಟೆಯ ಹಾಗಿತ್ತು. ಸೊಸೆ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಇಷ್ಟಗಲದ ಸವೆತಕ್ಕೆ ಮೂರು ತಿಂಗಳು ಇಬ್ಬರು ನಿದ್ದೆಗೆಟ್ಟಿದ್ದರು. ಹೊಸದನ್ನು ಇಟ್ಟು ಬೋಲ್ಟುಗಳನ್ನು ನಡುವಿನಿಂದ ಶುರು ಮಾಡಿ ಹೊರಕ್ಕೆ, ಒಂದೇ ಸಲಕ್ಕಲ್ಲ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿದ. ಅತ್ತೆ ಊಟ ತಂದು, ಮಾವ ಬೋಲ್ಟುಗಳ ತಟ್ಟೆ ಹಿಡಿದು ನಿಂತಿರುವುದನ್ನು ಕಂಡು, ಮನೆಯಲ್ಲಿ ಒಂದು ದಿನ ಹೀಗೆ ತಟ್ಟೆ ಹಿಡಿದು ನಿಂತಿದ್ದರೆ ನನ್ನ ಜನ್ಮ ಸಾರ್ಥಕವಾಗುತ್ತಿತ್ತು ಎಂದು ಹೇಳಿ ಹೋದರು.

ಹಳೆಯ ನೀರನ್ನು ಮೂರು ಸಲ ತೊಳೆದು ಹೊರಹಾಕಿ, ಹೊಸ ಕೂಲೆಂಟ್ ತುಂಬಿಸಿ ಇಂಜಿನ್ ಶುರು ಮಾಡಿದಾಗ ಮೊದಲು ಒಂದು ಕೆಮ್ಮು ಬಂತು. ಆಮೇಲೆ ಅದು ಕೂತಿತು. ಅದುರಲಿಲ್ಲ, ಏರಲಿಲ್ಲ, ಇಳಿಯಲಿಲ್ಲ. ಸ್ಕ್ಯಾನರಿನ ಇಪ್ಪತ್ತೈದು ನಿಧಾನವಾಗಿ ಇಳಿದು ಮೂರಕ್ಕೆ ಬಂದು ಅಲ್ಲೇ ನಿಂತಿತು.

ಅದೇ ಹೊತ್ತಿಗೆ, ಮಾರನೆಯ ದಿನ ಬರಬೇಕಿದ್ದ ಗುಜರಿಯವನು ಈ ದಾರಿಯಲ್ಲೇ ಹೋಗುತ್ತಿದ್ದೆ ಎಂದು ಎಳೆಯುವ ಸರಪಳಿಯ ಸಮೇತ ಬಂದಿಳಿದ. ಇಂಜಿನ್ ಓಡುತ್ತಿರುವುದನ್ನು ಕೇಳಿ ಸ್ವಲ್ಪ ಬೇಜಾರಾದ. ಮಾವ ನಿಧಾನಪ್ಪನ ಮುಖ ನೋಡಿದರು. ಅವನು ಮೂರು ದಿನ ಬೇಕು ಎಂದ. ಮೂರು ದಿನ ಗಾಡಿ ದಿನದ ಹಾಗೇ ಓಡಲಿ. ಗಾಳಿಯ ಗುಳ್ಳೆ ಒಳಗೆ ಸಿಕ್ಕಿಕೊಂಡಿರುತ್ತದೆ, ಮೊದಲ ದಿನ ಹೊರಗೆ ಬಂದು ನೀರು ಒಂದು ಬೆರಳು ಇಳಿಯಬಹುದು. ಆಮೇಲೆ ನಿಂತರೆ ಗೆದ್ದಿರಿ. ನಿಲ್ಲದೆ ದಿನಾ ಇಳಿದರೆ ಒಳಗೆ ಇನ್ನೆಲ್ಲೋ ತೂತಿದೆ, ಆಗ ನಾನೇ ಇವನಿಗೆ ಫೋನ್ ಮಾಡುತ್ತೇನೆ. ಆದರೆ ಮೂರು ದಿನ ಯಾರೂ ಒಂದು ಹನಿ ಹಾಕಕೂಡದು.

ಹಾಗಾದರೆ ಮುಚ್ಚಳಕ್ಕೆ ಏನಾದರೂ ಮೊಹರು ಹಾಕು ಎಂದರು ಮಾವ.

"ಮುಚ್ಚಳ ಏನು ತಪ್ಪು ಮಾಡಿದೆ?" ಎಂದ ನಿಧಾನಪ್ಪ. ಗುಜರಿಯವನು ಸರಪಳಿ ಎತ್ತಿಕೊಂಡು ಹೋದ.

ಮೊದಲ ದಿನದ ಸಂಜೆ ಸೊಸೆ ಇಂಜಿನ್ ತಣ್ಣಗಾಗಲು ಬಿಟ್ಟು ಬಂದು ನೋಡಿದಳು. ಒಂದು ಬೆರಳು ಇಳಿದಿತ್ತು. ಇಳಿಯುತ್ತದೆ ಎಂದು ಗೊತ್ತಿದ್ದರೂ ಬೆರಳಿಟ್ಟು ಇನ್ನೊಮ್ಮೆ ಅಳೆದಳು. ಎರಡನೆಯ ದಿನ ಮಧ್ಯಾಹ್ನ ಹೊರಡುವ ಮುಂಚೆ ನೋಡಲೇ ಇಲ್ಲ, ನೋಡಿದರೆ ಓಡಿಸಲಾಗುವುದಿಲ್ಲ ಎನಿಸಿತು. ಸಂಜೆ ಮನೆಯ ಮುಂದೆ ನಿಲ್ಲಿಸಿದ ಮೇಲೆ ಬಹಳ ಹೊತ್ತು ಸೀಟಿನಲ್ಲೇ ಕೂತಿದ್ದಳು. ಗೋಣಿಯ ಡಬ್ಬಿಯಲ್ಲಿ ಇನ್ನೂ ಎರಡು ಲೋಟವಿತ್ತು. ಒಂದು ಲೋಟ ಹಾಕಿದರೆ ನಾಳೆ ನೀರು ಗೆರೆಯಲ್ಲಿರುತ್ತದೆ, ಗುಜರಿಯವನು ಬರುವುದಿಲ್ಲ, ಕಾರ್ಖಾನೆಯ ಕೆಲಸ ಉಳಿಯುತ್ತದೆ. ನಿಧಾನಪ್ಪನಿಗೂ ಗೊತ್ತಾಗುವುದಿಲ್ಲ. ಆದರೆ ಅವಳಿಗೆ ಗೊತ್ತಿರುತ್ತದೆ, ನಾಡಿದ್ದಿನಿಂದ ಮತ್ತೆ ದಿನಾ ಸಂಜೆ ಕಳ್ಳಿಯ ಹಾಗೆ ಬರಬೇಕಾಗುತ್ತದೆ. ಡಬ್ಬಿಯನ್ನು ಗೋಣಿಯಿಂದ ತೆಗೆದು ಒಳಗೆ ಒಯ್ದು, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಇದೇನು ಶರಬತ್ತಾ ಎಂದು ಅತ್ತೆ ಕೇಳಿದರು. ಕುಡೀಬೇಡಿ ಅತ್ತೆ, ವಿಷ, ಎಂದಳು. ಅತ್ತೆ ತಕ್ಷಣ ಅದನ್ನು ಎತ್ತರದ ಅಟ್ಟಕ್ಕೆ ಏರಿಸಿದರು.

ಮೂರು ದಿನ ಕಳೆದ ಮಾರನೆಯ ಬೆಳಿಗ್ಗೆ, ಇನ್ನೂ ಬೀದಿ ದೀಪ ಉರಿಯುತ್ತಿರುವಾಗ, ಮಾವ ಬಾನೆಟ್ ಎತ್ತಿದರು. ಸೊಸೆ ಟಾರ್ಚ್ ಹಿಡಿದಳು. ಮಾವ ಮುಚ್ಚಳ ತೆಗೆದು ಬಗ್ಗಿದರು, ಆಮೇಲೆ ಅವಳಿಗೂ ಜಾಗ ಬಿಟ್ಟರು. ನೀರು ಗೆರೆಯಿಂದ ಒಂದು ಬೆರಳು ಕೆಳಗಿತ್ತು. ಮೊದಲ ಸಂಜೆ ಎಲ್ಲಿತ್ತೋ ಅಲ್ಲೇ.

ಇಬ್ಬರೂ ಬಗ್ಗಿಯೇ ಇದ್ದರು. ಯಾರೂ ಮುಚ್ಚಳ ಹಾಕಲಿಲ್ಲ.

"ಮಾವ, ನೀವು ಮಧ್ಯದಲ್ಲಿ ಏನಾದ್ರೂ ಹಾಕಿದ್ರಾ?"

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ."

"ನಾನು ಹಾಕ್ಲಿಲ್ಲ. ನಿನ್ನೆ ಮೊನ್ನೆ ಕೈ ತುರಿಸ್ತಿತ್ತು, ಆದ್ರೂ ಹಾಕ್ಲಿಲ್ಲ."

"ನಾನು ನಲ್ಲಿ ತನಕ ಹೋಗಿದ್ದೆ" ಎಂದರು ಮಾವ. "ಚೊಂಬು ತುಂಬಿದ್ದೆ ಕೂಡ. ಆಮೇಲೆ ನಾನೇ ಕುಡಿದುಬಿಟ್ಟೆ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಾವ ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಬಾನೆಟ್ ಇಳಿಸಿ, ಜೇಬಿನಿಂದ ಫೋನ್ ತೆಗೆದರು. ಅಷ್ಟು ಬೆಳಿಗ್ಗೆ ಎಬ್ಬಿಸಿದ್ದಕ್ಕೆ ಗುಜರಿಯವನು ಗೊಣಗಿದ್ದು ಸೊಸೆಗೂ ಕೇಳಿಸಿತು. ಬರುವುದು ಬೇಡಪ್ಪ, ಗಾಡಿ ಕೊಡುವುದಿಲ್ಲ, ಮನೆಯಲ್ಲಿ ಇಬ್ಬರು ಡ್ರೈವರುಗಳಿದ್ದಾರೆ ಎಂದು ಮಾವ ಹೇಳಿದರು.

ಲಾರಿ ಹತ್ತಿ ಬಾಗಿಲೆಳೆದುಕೊಂಡ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎರಡು ಗಂಟೆಗೆ ತಡ ಮಾಡಬೇಡ ಎಂದರು. ಬೀದಿಯ ಕೊನೆಯಲ್ಲಿ ಹಾಲಿನ ಗಾಡಿಯೊಂದು ಅಡ್ಡ ಬಂದು ಲಾರಿ ನಿಲ್ಲಬೇಕಾಯಿತು. ಸೊಸೆ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟಳು. ಇಂಜಿನ್ ನಿಂತಲ್ಲೇ ಮೆಲ್ಲಗೆ, ಒಂದೇ ಸಮನೆ ಉಸಿರಾಡುತ್ತಿತ್ತು. ಹಾಲಿನ ಗಾಡಿ ಸರಿಯಿತು, ಮಾವ ಮೊದಲನೇ ಗೇರು ಹಾಕಿದ್ದು ಕೇಳಿಸಲೇ ಇಲ್ಲ.